ಈ ಕಪ್ಪುಕಲ್ಲು ಯಾವ ಕಡಲಲ್ಲಿ ಹುಟ್ಟಿತು? ಸಬ್‌ಡಕ್ಷನ್ ವಲಯದ ಸಾಗರ ಕವಚವನ್ನು ಓದುವ ಸಮಗ್ರ ಮಾರ್ಗದರ್ಶಿ

ಸಾಗರದ ತಳ ಹೇಗೆ ಹುಟ್ಟುತ್ತದೆ ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ. ಸಾಗರದ ನಡುವೆ ಉದ್ದಕ್ಕೂ ಒಂದು ಬೆಟ್ಟಸಾಲಿದೆ. ಅಲ್ಲಿ ಎರಡು ಫಲಕಗಳು, ಅಂದರೆ ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡುಗಳು, ದೂರ ಸರಿಯುತ್ತವೆ. ಬಿರುಕಿನಲ್ಲಿ ಶಿಲಾಪಾಕ ಮೇಲೆ ಬಂದು ಆರಿ ಬಸಾಲ್ಟ್ ಆಗುತ್ತದೆ. ಇದು ನಿಜ, ಆದರೆ ಅರ್ಧ ಕಥೆ. ಒಂದು ಫಲಕ ಇನ್ನೊಂದರ ಅಡಿಗೆ ಇಳಿದುಹೋಗುವ ಜಾಗದಲ್ಲೂ, ಅಂದರೆ ಸಬ್‌ಡಕ್ಷನ್ ವಲಯದಲ್ಲೂ, ಹೊಸ ಸಾಗರ ಕವಚ, ಅಂದರೆ ಕಡಲತಳದ ಕಲ್ಲಿನ ಪದರ, ಹುಟ್ಟುತ್ತದೆ. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರದ ಕಪ್ಪುಕಲ್ಲು. ಬೇರೆ ಮಾಡಿ ಹೇಳುವುದು ಮುಖ್ಯವಾಗಿ ಅವುಗಳ ರಸಾಯನ.

ಇದು ಸಣ್ಣ ವಿಷಯ ಅಲ್ಲ. 1973ರಲ್ಲಿ ಜಪಾನಿನ ಮಿಯಾಶಿರೊ ಅವರು ಸೈಪ್ರಸ್‌ನ ಟ್ರೂಡೋಸ್ ಬೆಟ್ಟದ ಕಲ್ಲುಗಳನ್ನು ನೋಡಿ, ಇವು ಸಾಗರ ಮಧ್ಯದ ಬೆಟ್ಟಸಾಲಿನವಲ್ಲ, ದ್ವೀಪಗಳ ಕಮಾನಿನಲ್ಲಿ, ಅಂದರೆ ಸಬ್‌ಡಕ್ಷನ್ ಮೇಲೆ ಸಾಲಾಗಿ ಏಳುವ ಜ್ವಾಲಾಮುಖಿ ದ್ವೀಪಗಳಲ್ಲಿ, ಹುಟ್ಟಿರಬೇಕು ಎಂದು ಬರೆದರು. ಆಗ ದೊಡ್ಡ ಜಗಳವೇ ಆಯಿತು. ಟ್ರೂಡೋಸ್ ಎಂದರೆ ಸಾಗರ ಕವಚದ ಪಾಠಪುಸ್ತಕದ ಮಾದರಿ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಇಂದು ನೆಲದ ಮೇಲೆ ನಡೆದು ನೋಡಬಹುದಾದ ಹಳೆಯ ಕಡಲತಳದ ತುಂಡುಗಳಲ್ಲಿ, ಅಂದರೆ ಓಫಿಯೊಲೈಟ್‌ಗಳಲ್ಲಿ, ಹೆಚ್ಚಿನವು ಸಬ್‌ಡಕ್ಷನ್‌ನ ಮೇಲೆಯೇ ಹುಟ್ಟಿದವು ಎಂದು ಒಪ್ಪಿಕೊಂಡಿದ್ದಾರೆ.

ಭೂವಿಜ್ಞಾನ ಓದುತ್ತಿರುವವರಿಗೆ, ಮೊದಲ ಸಲ ಪ್ರಯೋಗಾಲಯದ ಅಂಕಿಗಳ ಹಾಳೆ ಕೈಗೆ ಬಂದು "ಇದನ್ನು ಏನು ಮಾಡಲಿ" ಅಂತ ಕೂತವರಿಗೆ ಈ ಬರಹ. ನಾನು ಒತ್ತಿ ಹೇಳುವುದು ಒಂದೇ ಮಾತು. ಒಂದೇ ಒಂದು ಅನುಪಾತ ನೋಡಿ ತೀರ್ಪು ಕೊಡಬೇಡಿ. ಬೇರೆ ಬೇರೆ ಕಾರಣಕ್ಕೆ ಬದಲಾಗುವ ಎರಡು ಮೂರು ಸಾಕ್ಷಿಗಳು ಒಂದೇ ಮಾತು ಹೇಳಬೇಕು.

ಮೊದಲು: ನೀರು ಏನು ಮಾಡುತ್ತದೆ

ಸಾಗರ ಮಧ್ಯದ ಬೆಟ್ಟಸಾಲಿನ ಅಡಿಯಲ್ಲಿ ಮ್ಯಾಂಟಲ್, ಅಂದರೆ ಕವಚದ ಕೆಳಗಿನ ಬಿಸಿ ಕಲ್ಲಿನ ಪದರ, ಕರಗುವುದು ಒತ್ತಡ ಇಳಿಯುವುದರಿಂದ. ಬಿಸಿ ಕಲ್ಲು ಮೇಲೇಳುತ್ತದೆ, ಮೇಲಿನ ಭಾರ ಕಡಿಮೆಯಾಗುತ್ತದೆ, ಸ್ವಲ್ಪ ಭಾಗ ಕರಗುತ್ತದೆ. ಅಲ್ಲಿ ನೀರು ತೀರಾ ಕಡಿಮೆ. ಹೀಗೆ ಹುಟ್ಟುವ ಕವಚ ಸಾಮಾನ್ಯವಾಗಿ 6ರಿಂದ 7 ಕಿಲೋಮೀಟರ್ ದಪ್ಪ.

ಸಬ್‌ಡಕ್ಷನ್‌ನಲ್ಲಿ ಕಥೆ ಬೇರೆ. ಇಳಿಯುವ ಫಲಕ ಬರಿಗೈಯಲ್ಲಿ ಹೋಗುವುದಿಲ್ಲ. ಕೋಟ್ಯಂತರ ವರ್ಷ ಸಮುದ್ರದಲ್ಲಿ ನೆಂದ ಬಸಾಲ್ಟನ್ನೂ, ಅದರ ಮೇಲೆ ಕೂತ ಕೆಸರನ್ನೂ ಹೊತ್ತು ಇಳಿಯುತ್ತದೆ. ಆಳಕ್ಕೆ ಹೋದಂತೆ ಒತ್ತಡ, ಬಿಸಿ ಎರಡೂ ಏರಿ ಆ ನೀರು ಹಿಂಡಿದ ಹಾಗೆ ಹೊರಬರುತ್ತದೆ. ಮೇಲಿರುವ ಮ್ಯಾಂಟಲ್‌ಗೆ ಸೇರಿ ಅದರ ಕರಗುವ ಬಿಂದುವನ್ನು ನೂರಾರು ಡಿಗ್ರಿ ಇಳಿಸುತ್ತದೆ. ಒಣ ಬೆಲ್ಲವನ್ನು ಬಾಣಲೆಗೆ ಹಾಕುವುದಕ್ಕೂ ಒಂದು ಚಮಚ ನೀರು ಚಿಮುಕಿಸಿ ಹಾಕುವುದಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಆದರೆ ನೀರು ಬಿದ್ದ ಕಡೆ ಪಾಕ ಬೇಗ ಆಗುತ್ತದೆ ಅನ್ನುವುದು ಎರಡಕ್ಕೂ ನಿಜ.

ಈ ನೀರು ಕೆಲವು ಧಾತುಗಳನ್ನು ಜೊತೆಗೆ ಕರೆತರುತ್ತದೆ, ಕೆಲವನ್ನು ಕೆಳಗೇ ಬಿಟ್ಟು ಬರುತ್ತದೆ. ಸೀಸಿಯಂ, ರುಬಿಡಿಯಂ, ಬೇರಿಯಂ, ಪೊಟ್ಯಾಸಿಯಂ, ಸ್ಟ್ರಾಂಷಿಯಂ, ಸೀಸ ಇವೆಲ್ಲ ಸಲೀಸಾಗಿ ಬರುತ್ತವೆ. ಥೋರಿಯಂ ಬರಿ ನೀರಿನ ಜೊತೆ ಅಷ್ಟಾಗಿ ಬರುವುದಿಲ್ಲ. ಕೆಸರು ತಾನೇ ಕರಗಿದಾಗ ಬರುತ್ತದೆ. ನಿಯೋಬಿಯಂ, ಟಾಂಟಲಂ, ಜಿರ್ಕೋನಿಯಂ, ಟೈಟೇನಿಯಂ, ಇಟರ್ಬಿಯಂ ಹೆಚ್ಚುಕಡಿಮೆ ಜಾಗ ಬಿಟ್ಟು ಕದಲುವುದೇ ಇಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂಬ ಈ ಹಾಜರಿ ಪುಸ್ತಕವನ್ನು ಓದುವುದೇ ಮುಂದಿನ ಎಲ್ಲ ಹೆಜ್ಜೆಗಳ ಕೆಲಸ.

ಹುಟ್ಟುವ ಜಾಗಗಳು ಮುಖ್ಯವಾಗಿ ಮೂರು. ಜ್ವಾಲಾಮುಖಿಗಳ ಕಮಾನು. ಅದರ ಹಿಂದೆ ಬಿರಿದು ತೆರೆದುಕೊಳ್ಳುವ ಬ್ಯಾಕ್‌ಆರ್ಕ್ ಜಲಾನಯನ: ಮರಿಯಾನಾ ಟ್ರಫ್, ಟೋಂಗಾ ಹಿಂದಿನ ಲಾವು ಜಲಾನಯನ, ನಮ್ಮ ಅಂಡಮಾನ್ ಸಮುದ್ರ ಈ ಜಾತಿಯವು. ಮೂರನೆಯದು ಕಮಾನಿಗೂ, ಫಲಕ ಇಳಿಯಲು ಶುರುವಾಗುವ ಆಳದ ಕಂದಕಕ್ಕೂ ನಡುವಿನ ಫೋರ್‌ಆರ್ಕ್. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ. ಸಬ್‌ಡಕ್ಷನ್ ಶುರುವಾದ ಗಳಿಗೆಯ ದಾಖಲೆ ಇಲ್ಲಿ ಉಳಿದಿರುತ್ತದೆ.

ಜಪಾನಿನ ದಕ್ಷಿಣಕ್ಕೆ ಇಜು, ಬೋನಿನ್, ಮರಿಯಾನಾ ಸಾಲಿದೆ. ಅಲ್ಲಿ ಸುಮಾರು 5.2 ಕೋಟಿ ವರ್ಷದ ಹಿಂದೆ ಪೆಸಿಫಿಕ್ ಫಲಕ ಇಳಿಯಲು ಶುರುಮಾಡಿತು. ಮೇಲಿನ ಫಲಕ ಹಿಗ್ಗಿ ಬಿರಿಯಿತು. ಮೊದಲು ಬಂದದ್ದು ಫೋರ್‌ಆರ್ಕ್ ಬಸಾಲ್ಟ್. ಬೆನ್ನಿಗೇ ಬಂದದ್ದು ಬೋನಿನೈಟ್ ಎಂಬ ಲಾವಾ (ಹೆಜ್ಜೆ 5ರಲ್ಲಿ ವಿವರ). ಬೋನಿನ್ ದ್ವೀಪಗಳಿಂದಲೇ ಅದಕ್ಕೆ ಆ ಹೆಸರು. 2014ರಲ್ಲಿ ಜಾಯ್ಡೀಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು 352ನೇ ಅಂತರರಾಷ್ಟ್ರೀಯ ಯಾನದಲ್ಲಿ ಅಲ್ಲಿಗೆ ಹೋಗಿ ನಾಲ್ಕು ಕಡೆ ಕೊರೆಯಿತು. ಬಸಾಲ್ಟಿನ ಮೇಲೆ ಬೋನಿನೈಟ್ ಪದರ ಪದರವಾಗಿ ಕೂತಿರಬಹುದು ಎಂಬ ನಿರೀಕ್ಷೆ ಇತ್ತು. ಸಿಕ್ಕಿದ್ದು ಬೇರೆ. ಕಂದಕದ ಹತ್ತಿರ ಬಸಾಲ್ಟ್, ಇಳಿಜಾರಿನ ಮೇಲ್ಗಡೆ ಬೋನಿನೈಟ್. ಮೇಲೆ ಕೆಳಗೆ ಅಲ್ಲ, ಅಕ್ಕಪಕ್ಕ. ಶಿಲಾಪಾಕದ ಬಾಯಿಯೇ ಕಂದಕದಿಂದ ದೂರ ಸರಿಯುತ್ತಾ ಹೋಗಿತ್ತು.

ಹೆಜ್ಜೆ 1: ಕಲ್ಲಿನ ಮುಂದೆ ನಿಂತು ನೋಡಿ

ಸುತ್ತಿಗೆ ಎತ್ತುವ ಮೊದಲು ಅರ್ಧ ಗಂಟೆ ಸುಮ್ನೆ ನೋಡಿ. ಪಿಲ್ಲೋ ಲಾವಾ ಇದೆಯೇ? ನೀರಿನಡಿ ಹರಿದ ಲಾವಾ ದಿಂಬಿನ ಹಾಗೆ ಉಂಡೆ ಕಟ್ಟುತ್ತದೆ. ಕರ್ನಾಟಕದವರಿಗೆ ಇದನ್ನು ಕಲಿಯಲು ದೂರ ಹೋಗುವುದು ಬೇಡ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ದಿಂಬುಗಳಿವೆ. ಒಂದು ದಿಂಬಿನ ಮುಂದೆ ಕೂತು ಗಮನಿಸಿ. ಬೆನ್ನು ಉಬ್ಬಿದೆ. ಅಡಿಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಮೂತಿ ಇಳಿಬಿಟ್ಟಿದೆ. ಮೆತ್ತಗಿದ್ದಾಗ ಅಲ್ಲಿಗೆ ಜಾರಿಕೊಂಡದ್ದು ಅದು. ಆ ಮೂತಿ ಯಾವ ಕಡೆಗಿದೆಯೋ ಅದೇ ಆಗಿನ ಕೆಳಗು. ಪದರಗಳು ಆಮೇಲೆ ಮಗುಚಿಕೊಂಡಿವೆಯೇ ಎಂದು ಇದರಿಂದಲೇ ಗೊತ್ತಾಗುತ್ತದೆ. ಮರಡಿಹಳ್ಳಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಕಣ್ಣಷ್ಟೇ ಸಾಕು, ಸುತ್ತಿಗೆ ಬೇಡ.

ಓಫಿಯೊಲೈಟ್‌ನಲ್ಲಾದರೆ ದಿಂಬುಗಳ ಕೆಳಗೆ ಒತ್ತೊತ್ತಾಗಿ ನಿಂತ ಡೈಕ್‌ಗಳನ್ನು, ಅಂದರೆ ಬಿರುಕಿನಲ್ಲಿ ಏರಿ ಆರಿದ ಪಾಕದ ಹಲಗೆಗಳನ್ನು, ಹುಡುಕಿ. ಇಸ್ಪೀಟು ಎಲೆಗಳ ಕಟ್ಟನ್ನು ನಿಲ್ಲಿಸಿದ ಹಾಗೆ ಕಾಣುತ್ತವೆ. ಒಂದು ಡೈಕ್ ಇನ್ನೊಂದನ್ನು ಸೀಳಿ ಬಂದಿದ್ದರೆ ಅಲ್ಲಿ ನೆಲ ಹಿಗ್ಗಿ ತೆರೆದುಕೊಂಡಿತ್ತು ಎಂದರ್ಥ. ಅದರ ಕೆಳಗೆ ಗ್ಯಾಬ್ರೋ (ಆಳದಲ್ಲಿ ನಿಧಾನಕ್ಕೆ ಆರಿದ ಪಾಕ), ಇನ್ನೂ ಕೆಳಗೆ ಮ್ಯಾಂಟಲ್‌ನ ಕಲ್ಲಾದ ಪೆರಿಡೊಟೈಟ್. ಎಲ್ಲ ಒಂದೇ ಕಡೆ ಸಿಗುವುದು ಅಪರೂಪ. ಸಿಕ್ಕಷ್ಟನ್ನು ಚಿತ್ರ ಬರೆದು, ಮಾದರಿ ಎಲ್ಲಿಂದ ತೆಗೆದಿರಿ ಎಂದು ಗುರುತು ಹಾಕಿ. ಈ ಚಿತ್ರ ಇಲ್ಲದ ರಸಾಯನದ ಅಂಕಿ ಆಮೇಲೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಹೆಜ್ಜೆ 2: ಮಾದರಿಯನ್ನು ಹಾಳು ಮಾಡದೆ ಪುಡಿ ಮಾಡಿ

ದಿಂಬಿನ ಹೊರ ಅಂಚಿನಲ್ಲಿ ಗಾಜು ಉಳಿದಿದ್ದರೆ ಅದು ಚಿನ್ನಕ್ಕೆ ಸಮ. ತಣ್ಣೀರಿಗೆ ಬಿದ್ದು ತಟ್ಟನೆ ಆರಿದ ಪಾಕ ಅದು. ಕರಗಿದ್ದ ನೀರಿನ ಅಂಶ ಕೂಡ ಅದರೊಳಗೆ ಸಿಕ್ಕಿಕೊಂಡಿರಬಹುದು. ಗಾಜು ಇಲ್ಲದಿದ್ದರೆ ದಿಂಬಿನ ಒಳಗಿನ ಕೆಡದ ಕಲ್ಲು ತೆಗೆದುಕೊಳ್ಳಿ. ಬಿಳಿ ನರಗಳು, ತುಂಬಿಕೊಂಡ ಗುಳ್ಳೆಗಳು, ತುಕ್ಕಿನ ಬಣ್ಣದ ಹೊರಪದರ ಎಲ್ಲ ಕತ್ತರಿಸಿ ತೆಗೆಯಿರಿ. ಗರಗಸದ ಗುರುತನ್ನೂ ಉಜ್ಜಿ ತೆಗೆಯಿರಿ.

ಪುಡಿ ಮಾಡಲು ಅಗೇಟ್ ಎಂಬ ಗಟ್ಟಿ ಕಲ್ಲಿನ ಮಿಲ್ ಕೇಳಿ. ಇದನ್ನು ನಾನು ನೋವಿನಿಂದ ಕಲಿತೆ. ಮೊದಲ ಸಲ ನನ್ನ ಮಾದರಿಗಳನ್ನು ಬೇಗ ಆಗುತ್ತದೆ ಎಂದು ಟಂಗ್‌ಸ್ಟನ್ ಕಾರ್ಬೈಡ್ ಮಿಲ್‌ನಲ್ಲಿ ಪುಡಿ ಮಾಡಿಕೊಟ್ಟರು. ಅಂಕಿ ಬಂದಾಗ ನಿಯೋಬಿಯಂಗೂ ಟಾಂಟಲಂಗೂ ಇರುವ ಅನುಪಾತ 6 ಇತ್ತು. ಸಾಗರ ಬಸಾಲ್ಟ್‌ಗೆ ಅದು 15ರಿಂದ 17ರ ಸುತ್ತ ಇರಬೇಕು. ಆ ಮಿಲ್‌ನಿಂದ ಟಂಗ್‌ಸ್ಟನ್, ಕೋಬಾಲ್ಟ್ ಜೊತೆ ಟಾಂಟಲಂ, ಸ್ವಲ್ಪ ನಿಯೋಬಿಯಂ ಕೂಡ ಪುಡಿಗೆ ಸೇರುತ್ತದೆ. ನಮ್ಮ ಇಡೀ ವಾದ ನಿಂತಿರುವುದೇ ಫಲಕದಿಂದ ಬರದೆ ಉಳಿದ ನಿಯೋಬಿಯಂನ ಕೊರತೆಯ ಮೇಲೆ (ಹೆಜ್ಜೆ 7) ಅಲ್ವಾ? ಒಂದು ವರ್ಷದ ಮಾದರಿಗಳನ್ನು ಮತ್ತೆ ಮೊದಲಿಂದ ಪುಡಿ ಮಾಡಬೇಕಾಯಿತು.

ಹೆಜ್ಜೆ 3: ಅಳತೆ

ಮುಖ್ಯ ಧಾತುಗಳಿಗೆ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಅಳೆಯುವ ಯಂತ್ರ), ಸೂಕ್ಷ್ಮ ಪ್ರಮಾಣದವಕ್ಕೆ ಐಸಿಪಿ-ಎಂಎಸ್ (ಆಮ್ಲದಲ್ಲಿ ಕರಗಿಸಿದ ಮಾದರಿಯ ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಯಂತ್ರ). ಪ್ರತಿ ಸುತ್ತಿನ ಮಾದರಿಗಳ ಜೊತೆ ಗೊತ್ತಿರುವ ಬಸಾಲ್ಟ್ ಪುಡಿಯನ್ನು ಗುರುತು ಹೇಳದೆ ಸೇರಿಸಿ. ಹವಾಯಿಯ ಬಿಎಚ್‌ವಿಒ-2 ಎಲ್ಲ ಕಡೆ ಸಿಗುತ್ತದೆ. ಆದರೆ ಅದು ಟೈಟೇನಿಯಂ, ನಿಯೋಬಿಯಂ ಜಾಸ್ತಿ ಇರುವ ಕಲ್ಲು. ಬೋನಿನೈಟ್‌ನಂಥ ಬಡಕಲು ಕಲ್ಲಿಗೆ ಐಸ್‌ಲ್ಯಾಂಡಿನ ಬಿಐಆರ್-1 ಹೆಚ್ಚು ಹೊಂದುತ್ತದೆ. ಮಾದರಿ ಹಾಕದ ಖಾಲಿ ಆಮ್ಲದ ಅಳತೆಯನ್ನೂ ತಪ್ಪದೆ ಕೇಳಿ ಪಡೆಯಿರಿ.

ಹೆಜ್ಜೆ 4: ಸಮುದ್ರ ಏನೇನು ಕದ್ದಿದೆ, ಏನೇನು ಸೇರಿಸಿದೆ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ. ಹುಟ್ಟಿದ ಮೇಲೂ ಬಸಾಲ್ಟ್ ಕಡಲ ನೀರಿನಲ್ಲೇ ನೆಂದಿರುತ್ತದೆ. ಪೊಟ್ಯಾಸಿಯಂ, ರುಬಿಡಿಯಂ, ಬೇರಿಯಂ, ಸೋಡಿಯಂ, ಸ್ಟ್ರಾಂಷಿಯಂ ಒಳಗೆ ಹೊರಗೆ ಓಡಾಡಿರುತ್ತವೆ. ಸಬ್‌ಡಕ್ಷನ್ ನೀರು ಹೊತ್ತು ತರುವ ಧಾತುಗಳೂ ಹೆಚ್ಚುಕಡಿಮೆ ಇವೇ! ಹಾಗಾಗಿ ಹಳೆಯ ಕಲ್ಲಿನಲ್ಲಿ ಬೇರಿಯಂ ಜಾಸ್ತಿ ಇದೆ ಎಂಬ ಕಾರಣಕ್ಕೆ "ಸಬ್‌ಡಕ್ಷನ್" ಎಂದು ಬರೆಯಬೇಡಿ.

ಪರೀಕ್ಷೆ ಸುಲಭ. ಜಿರ್ಕೋನಿಯಂ ಕದಲುವುದಿಲ್ಲ ಎಂದು ಹೇಳಿದೆನಲ್ಲ. ಒಂದೇ ಗುಂಪಿನ ಮಾದರಿಗಳ ಜಿರ್ಕೋನಿಯಂ ಅನ್ನು ಅಡ್ಡಕ್ಕೆ ಇಟ್ಟು, ಒಂದೊಂದೇ ಧಾತುವನ್ನು ನೆಟ್ಟಗೆ ಇಟ್ಟು ಚುಕ್ಕೆ ಹಾಕಿ. ಚುಕ್ಕೆಗಳು ಒಂದು ಗೆರೆಯಲ್ಲಿ ಬಂದರೆ ಆ ಧಾತುವನ್ನು ನಂಬಬಹುದು. ಕೈಯಿಂದ ಎರಚಿದ ಹಾಗೆ ಚದುರಿದರೆ ಬಿಟ್ಟುಬಿಡಿ. ಕಾಯಿಸಿದಾಗ ಕಳೆದುಹೋಗುವ ತೂಕವನ್ನೂ (ಹೆಚ್ಚಾಗಿ ನೀರು) ನೋಡಿ. ಅದು ಹೆಚ್ಚಿದ್ದಷ್ಟೂ ಅನುಮಾನ ಹೆಚ್ಚಿರಲಿ. ಮುಖ್ಯ ಧಾತುಗಳನ್ನು ಆ ನೀರು ಕಳೆದು ಮತ್ತೆ 100ಕ್ಕೆ ಲೆಕ್ಕ ಹಾಕಿಕೊಳ್ಳಿ.

ಸ್ಟ್ರಾಂಷಿಯಂ ಐಸೊಟೋಪ್, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ ಅನುಪಾತ, ಕೂಡ ಇದೇ ಕಾರಣಕ್ಕೆ ದಾರಿ ತಪ್ಪಿಸುತ್ತದೆ. ಸಾಗರ ಮಧ್ಯದ ತಾಜಾ ಬಸಾಲ್ಟ್‌ನಲ್ಲಿ 87 ಮತ್ತು 86ರ ಅನುಪಾತ ಸುಮಾರು 0.7025ರಿಂದ 0.703. ಇಂದಿನ ಸಮುದ್ರದ ನೀರಿನಲ್ಲಿ 0.7092. ನೆಂದ ಕಲ್ಲಿನ ಅಂಕಿ ಮೇಲಕ್ಕೆ ಸರಿಯುತ್ತದೆ. ನಿಯೋಡಿಮಿಯಂ ಐಸೊಟೋಪ್ ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ. ಹಣ ಒಂದಕ್ಕೇ ಇದ್ದರೆ ನಿಯೋಡಿಮಿಯಂ ಮಾಡಿಸಿ.

ಹೆಜ್ಜೆ 5: ಬೋನಿನೈಟ್ ಇದೆಯೇ?

ಮೂರು ಅಂಕಿ ನೋಡಿ. ಸಿಲಿಕಾ 52 ಶೇಕಡಾಕ್ಕಿಂತ ಜಾಸ್ತಿ, ಮೆಗ್ನೀಷಿಯಂ ಆಕ್ಸೈಡ್ 8ಕ್ಕಿಂತ ಜಾಸ್ತಿ, ಟೈಟೇನಿಯಂ ಆಕ್ಸೈಡ್ 0.5ಕ್ಕಿಂತ ಕಡಿಮೆ. ಮೂರೂ ಕೂಡಿದರೆ ಬೋನಿನೈಟ್.

ಈ ಜೋಡಿ ವಿಚಿತ್ರವಾದದ್ದು. ಸಾಮಾನ್ಯವಾಗಿ ಸಿಲಿಕಾ ಏರಿದಂತೆ ಮೆಗ್ನೀಷಿಯಂ ಇಳಿಯುತ್ತದೆ. ಎರಡೂ ಜಾಸ್ತಿ ಇರಲು ಕಾರಣ ಹೀಗೆ. ಫಿಲ್ಟರ್ ಕಾಫಿ ನೆನಪಿಸಿಕೊಳ್ಳಿ. ಮೊದಲ ಡಿಕಾಕ್ಷನ್ ಗಟ್ಟಿ. ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿದರೆ ಬರುವುದು ತೆಳು. ಬೋನಿನೈಟ್ ಮ್ಯಾಂಟಲ್‌ನ ಎರಡನೇ ಡಿಕಾಕ್ಷನ್. ಒಂದು ಸಲ ಬಸಾಲ್ಟ್ ಕೊಟ್ಟು ಟೈಟೇನಿಯಂ ಕಳೆದುಕೊಂಡ ಮ್ಯಾಂಟಲ್ ಒಣಗಿರುವಾಗ ಮತ್ತೆ ಸುಲಭಕ್ಕೆ ಕರಗದು. ಫಲಕದಿಂದ ನೀರು ಬಂದರೆ ಮಾತ್ರ, ಅದೂ ಕಡಿಮೆ ಆಳದಲ್ಲಿ, ಕರಗುತ್ತದೆ. ಆಗ ಬರುವ ಪಾಕದಲ್ಲಿ ಮೆಗ್ನೀಷಿಯಂ, ಸಿಲಿಕಾ ಎರಡೂ ಜಾಸ್ತಿ. ಆದ್ದರಿಂದ ಈಚಿನ ಯುಗಗಳ ಕಲ್ಲಿನಲ್ಲಿ ಬೋನಿನೈಟ್ ಸಿಕ್ಕಿತೆಂದರೆ ಅದು ತುಂಬಾ ಗಟ್ಟಿ ಸಾಕ್ಷಿ.

ಹೆಜ್ಜೆ 6: ಟೈಟೇನಿಯಂ ಮತ್ತು ವೆನೇಡಿಯಂ

1982ರಲ್ಲಿ ಭೂವಿಜ್ಞಾನಿ ಶೆರ್ವೈಸ್ ತೋರಿಸಿದ ದಾರಿ ಇದು, ಇವತ್ತಿಗೂ ನನ್ನ ಮೊದಲ ಲೆಕ್ಕ. ಟೈಟೇನಿಯಂ ಆಕ್ಸೈಡ್‌ನ ಒಂದು ಶೇಕಡಾ ಎಂದರೆ 5,995 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಟೈಟೇನಿಯಂ. ಅದನ್ನು ವೆನೇಡಿಯಂ ಪಿಪಿಎಂನಿಂದ ಭಾಗಿಸಿ. 20ರಿಂದ 50 ಬಂದರೆ ಸಾಗರ ಮಧ್ಯದ ಅಥವಾ ಬ್ಯಾಕ್‌ಆರ್ಕ್ ಬಸಾಲ್ಟ್. 10ರಿಂದ 20 ಕಮಾನಿನದು. 10ಕ್ಕಿಂತ ಕೆಳಗೆ ಬೋನಿನೈಟ್ ಕಡೆಗೆ. ನೀರಿರುವ ಪಾಕ ಹೆಚ್ಚು ಆಕ್ಸಿಡೈಸ್ ಆಗಿರುತ್ತದೆ. ಆಗ ವೆನೇಡಿಯಂ ಖನಿಜದಲ್ಲಿ ಉಳಿಯದೆ ಪಾಕಕ್ಕೆ ಬರುತ್ತದೆ. ಅತ್ತ ಟೈಟೇನಿಯಂ ಮೊದಲೇ ಕಳೆದುಹೋಗಿರುತ್ತದೆ. ಎರಡೂ ಸೇರಿ ಅನುಪಾತವನ್ನು ಇಳಿಸುತ್ತವೆ.

ಒಂದು ಅಭ್ಯಾಸದ ಕಲ್ಲು ಇಟ್ಟುಕೊಳ್ಳೋಣ, ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟವು. ಟೈಟೇನಿಯಂ ಆಕ್ಸೈಡ್ 0.9 ಶೇಕಡಾ, ವೆನೇಡಿಯಂ 330 ಪಿಪಿಎಂ. 0.9 ಗುಣಿಸು 5,995 ಅಂದರೆ ಸುಮಾರು 5,395. ಅದನ್ನು 330ರಿಂದ ಭಾಗಿಸಿದರೆ 16. ಕಮಾನಿನ ಕಡೆ ವಾಲಿದೆ.

ಹೆಜ್ಜೆ 7: ಥೋರಿಯಂ ಬಂದಿದೆಯೇ, ನಿಯೋಬಿಯಂ ಉಳಿದಿದೆಯೇ

ಭೂವಿಜ್ಞಾನಿ ಪಿಯರ್ಸ್ ಅವರ ಚಿತ್ರ ಇದು. ಥೋರಿಯಂ, ನಿಯೋಬಿಯಂ ಎರಡನ್ನೂ ಇಟರ್ಬಿಯಂನಿಂದ ಭಾಗಿಸಿ, ಒಂದರ ಎದುರು ಇನ್ನೊಂದನ್ನು ಲಾಗ್ ಅಳತೆಯಲ್ಲಿ ಇಡಬೇಕು. ಸಬ್‌ಡಕ್ಷನ್ ಇಲ್ಲದ ಎಲ್ಲ ಸಾಗರ ಬಸಾಲ್ಟ್‌ಗಳೂ ಓರೆಯಾದ ಒಂದೇ ಪಟ್ಟಿಯೊಳಗೆ ಬೀಳುತ್ತವೆ. ಮ್ಯಾಂಟಲ್ ಬಡಕಲಾಗಿರಲಿ, ಶ್ರೀಮಂತವಾಗಿರಲಿ, ಥೋರಿಯಂ ನಿಯೋಬಿಯಂ ಜೊತೆಜೊತೆಗೇ ಏರಿ ಇಳಿಯುತ್ತವೆ. ಫಲಕದಿಂದ ಥೋರಿಯಂ ಬಂದು ಸೇರಿದರೆ ಮಾತ್ರ ಚುಕ್ಕೆ ಪಟ್ಟಿಯಿಂದ ನೆಟ್ಟಗೆ ಮೇಲೇಳುತ್ತದೆ.

ಸಾಮಾನ್ಯ ಸಾಗರ ಮಧ್ಯ ಬಸಾಲ್ಟ್‌ಗೆ ಎಲ್ಲರೂ ಬಳಸುವ 1989ರ ಸನ್ ಮತ್ತು ಮ್ಯಾಕ್‌ಡೊನೋ ಅಂಕಿಗಳು ಇವು: ಥೋರಿಯಂ 0.12, ನಿಯೋಬಿಯಂ 2.33, ಇಟರ್ಬಿಯಂ 3.05 ಪಿಪಿಎಂ. ಅಂದರೆ ಥೋರಿಯಂ ನಿಯೋಬಿಯಂನ ಇಪ್ಪತ್ತನೇ ಒಂದು ಭಾಗ. ನಮ್ಮ ಅಭ್ಯಾಸದ ಕಲ್ಲಿನಲ್ಲಿ ಥೋರಿಯಂ 0.35, ನಿಯೋಬಿಯಂ 1.1, ಇಟರ್ಬಿಯಂ 2.2 ಎಂದಿಟ್ಟುಕೊಳ್ಳಿ. ನಿಯೋಬಿಯಂ ಭಾಗಿಸು ಇಟರ್ಬಿಯಂ 0.5. ಥೋರಿಯಂ ಭಾಗಿಸು ಇಟರ್ಬಿಯಂ 0.16. ಪಟ್ಟಿಯೊಳಗೇ ಇದ್ದಿದ್ದರೆ 0.025ರ ಸುತ್ತ ಇರಬೇಕಿತ್ತು. ಆರು ಪಟ್ಟು ಜಾಸ್ತಿ! ಥೋರಿಯಂ ಹೊರಗಿಂದ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ. ಬೋನಿನ್ ಕಡೆಯ ಫೋರ್‌ಆರ್ಕ್ ಬಸಾಲ್ಟ್‌ಗಳಲ್ಲಿ ಬಹಳಷ್ಟು ಈ ಚಿತ್ರದಲ್ಲಿ ಪಟ್ಟಿಯೊಳಗೇ ಬೀಳುತ್ತವೆ. ಸಬ್‌ಡಕ್ಷನ್ ಆಗಷ್ಟೇ ಶುರುವಾಗಿತ್ತು, ಫಲಕದ ಸರಕು ಇನ್ನೂ ಮೇಲೆ ತಲುಪಿರಲಿಲ್ಲ. ಈ ಚಿತ್ರ ಒಂದನ್ನೇ ನೋಡಿದವರು ಅವನ್ನು ಸಾಗರ ಮಧ್ಯದವು ಎಂದೇ ಹೇಳಿಬಿಡುತ್ತಾರೆ. ಟೈಟೇನಿಯಂ ವೆನೇಡಿಯಂ ಲೆಕ್ಕ ಅವುಗಳ ಗುಟ್ಟು ಬಿಡಿಸುತ್ತದೆ.

ಹೆಜ್ಜೆ 8: ನಿಮ್ಮ ಉತ್ತರವನ್ನೇ ಅನುಮಾನಿಸಿ

ನಿಯೋಬಿಯಂ ಕೊರತೆ ಇನ್ನೊಂದು ದಾರಿಯಿಂದಲೂ ಬರುತ್ತದೆ. ಶಿಲಾಪಾಕ ಖಂಡದ ಕವಚವನ್ನು ಕರಗಿಸಿಕೊಂಡು ಬಂದರೂ ಥೋರಿಯಂ ಏರುತ್ತದೆ, ನಿಯೋಬಿಯಂ ಹಿಂದೆ ಬೀಳುತ್ತದೆ. ಡೆಕ್ಕನ್ ಬಸಾಲ್ಟ್‌ಗಳ ಬುಶೆ ಪದರಗಳು ಇದಕ್ಕೆ ಹೆಸರುವಾಸಿ. ಅಲ್ಲಿ ಯಾವ ಸಬ್‌ಡಕ್ಷನ್ನೂ ಇರಲಿಲ್ಲ. ಸಿಲಿಕಾ ಏರಿದಂತೆಲ್ಲ ಥೋರಿಯಂ ನಿಯೋಬಿಯಂ ಅನುಪಾತ ಏರುತ್ತಿದೆಯೇ, ನಿಯೋಡಿಮಿಯಂ ಐಸೊಟೋಪ್ ಅನುಪಾತ ಇಳಿಯುತ್ತಿದೆಯೇ ನೋಡಿ. ಎರಡೂ ಹೌದಾದರೆ ಖಂಡದ ಕವಚವನ್ನು ಅನುಮಾನಿಸಿ. ಕರ್ನಾಟಕದ ಗ್ರೀನ್‌ಸ್ಟೋನ್ ಪಟ್ಟಿಗಳ (ತುಂಬಾ ಹಳೆಯ, ಹಸಿರಿಗೆ ತಿರುಗಿದ ಲಾವಾ ಕಲ್ಲಿನ ಪಟ್ಟಿಗಳ) ಮೇಲೆ ಕೆಲಸ ಮಾಡುವವರು ಇನ್ನೂ ಜಾಗ್ರತೆಯಿಂದ ಇರಬೇಕು. 250 ಕೋಟಿ ವರ್ಷದ ಹಿಂದಿನ ಮ್ಯಾಂಟಲ್ ಇಂದಿಗಿಂತ ಬಿಸಿ ಇತ್ತು. ಇಂದಿನ ಬಸಾಲ್ಟ್‌ಗೆ ಹಾಕಿದ ಗಡಿಗೆರೆಗಳನ್ನು ಅದಕ್ಕೆ ಹಾಗೇ ಅಂಟಿಸಬಾರದು.

ಹೆಜ್ಜೆ 9: ಖನಿಜಗಳನ್ನೂ ಕೇಳಿ

ಸೂಕ್ಷ್ಮದರ್ಶಕದ ಅಡಿಯಲ್ಲಿ ಯಾವ ಹರಳು ಮೊದಲು ಕಟ್ಟಿತು ನೋಡಿ. ಒಣ ಪಾಕದಲ್ಲಿ ಒಲಿವೀನ್ ನಂತರ ಪ್ಲೇಜಿಯೊಕ್ಲೇಸ್ ಬರುತ್ತದೆ, ಆಮೇಲೆ ಕ್ಲೈನೊಪೈರಾಕ್ಸೀನ್. ನೀರಿದ್ದರೆ ಪ್ಲೇಜಿಯೊಕ್ಲೇಸ್ ತಡ ಮಾಡುತ್ತದೆ, ಕ್ಲೈನೊಪೈರಾಕ್ಸೀನ್ ಮುಂದೆ ಬರುತ್ತದೆ. ತಡವಾಗಿ ಬಂದ ಪ್ಲೇಜಿಯೊಕ್ಲೇಸ್‌ನಲ್ಲಿ ಕ್ಯಾಲ್ಸಿಯಂ ತುಂಬಾ ಜಾಸ್ತಿ ಇರುತ್ತದೆ. ಪೆರಿಡೊಟೈಟ್ ಇದ್ದರೆ ಅದರ ಸ್ಪಿನೆಲ್ ಎಂಬ ಖನಿಜದಲ್ಲಿ ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಅಳೆಯಿರಿ. ಎರಡರ ಮೊತ್ತದಲ್ಲಿ ಕ್ರೋಮಿಯಂ ಪಾಲು 0.6 ದಾಟಿದರೆ ಆ ಮ್ಯಾಂಟಲ್ ಸಾಗರ ಮಧ್ಯದಲ್ಲಿ ಕರಗುವುದಕ್ಕಿಂತ ಜಾಸ್ತಿ ಕರಗಿದೆ. ಈ ಸಾಕ್ಷಿಗೂ ನಿಯೋಬಿಯಂಗೂ ಯಾವ ಸಂಬಂಧವೂ ಇಲ್ಲ. ಅದಕ್ಕೇ ಇದರ ಬೆಲೆ ಜಾಸ್ತಿ.

ಕಲ್ಲು ತೀರಾ ಹೊಸದಾಗಿದ್ದರೆ ಬೆರಿಲಿಯಂ-10 ಕೂಡ ಇದೆ. ಕಾಸ್ಮಿಕ್ ಕಿರಣಗಳಿಂದ ಗಾಳಿಯಲ್ಲಿ ಹುಟ್ಟಿ, ಮಳೆಯ ಜೊತೆ ಬಿದ್ದು, ಕಡಲ ಕೆಸರಿಗೆ ಸೇರುವ ವಸ್ತು ಅದು. ಸುಮಾರು 14 ಲಕ್ಷ ವರ್ಷಕ್ಕೆ ಅರ್ಧ ಕರಗಿಹೋಗುತ್ತದೆ. ಅಲ್ಯೂಷಿಯನ್ ದ್ವೀಪಗಳಲ್ಲೂ ಮಧ್ಯ ಅಮೆರಿಕದಲ್ಲೂ ಜ್ವಾಲಾಮುಖಿಯ ಲಾವಾದಲ್ಲಿ ಅದು ಸಿಕ್ಕಿದೆ. ಆಕಾಶದಿಂದ ಬಿದ್ದದ್ದು ಕಂದಕದಲ್ಲಿ ಇಳಿದು, ನೂರಾರು ಕಿಲೋಮೀಟರ್ ಸುತ್ತಿ, ಬೆಂಕಿಬೆಟ್ಟದ ಬಾಯಲ್ಲಿ ವಾಪಸ್ ಬಂದಿದೆ. ಎಷ್ಟು ಸಲ ಓದಿದರೂ ನನಗೆ ಮೈ ನವಿರೇಳುತ್ತದೆ.

ಹೆಜ್ಜೆ 10: ವಯಸ್ಸು ಮತ್ತು ಸರದಿ

ಗ್ಯಾಬ್ರೋ ಮೇಲ್ಭಾಗದಲ್ಲಿ ಪ್ಲೇಜಿಯೊಗ್ರಾನೈಟ್ ಎಂಬ ಬಿಳಿಚಿದ ಕಲ್ಲಿನ ತುಂಡುಗಳನ್ನು ಹುಡುಕಿ. ಅದರ ಜಿರ್ಕಾನ್ ಹರಳಿನಿಂದ ಯುರೇನಿಯಂ ಸೀಸದ ವಯಸ್ಸು ಸಿಗುತ್ತದೆ. ಒಮಾನಿನ ಸೆಮೈಲ್ ಓಫಿಯೊಲೈಟ್‌ಗೆ ಹೀಗೆ ಸಿಕ್ಕ ವಯಸ್ಸು ಸುಮಾರು 9.6 ಕೋಟಿ ವರ್ಷ. ಅಲ್ಲಿ ಕೆಳಗಿನ ಲಾವಾ ಸಾಗರ ಮಧ್ಯದ್ದನ್ನು ಹೋಲುತ್ತದೆ, ಮೇಲಿನ ಲಾವಾಗಳಲ್ಲಿ ಬೋನಿನೈಟ್ ಇದೆ. ಬೋನಿನ್‌ನಲ್ಲಿ ಅಕ್ಕಪಕ್ಕ ಕಂಡದ್ದು ಇಲ್ಲಿ ಮೇಲೆ ಕೆಳಗೆ ಇದೆ, ಆದರೆ ಹುಟ್ಟಿದ ಸರದಿ ಅದೇ. ಹಾಗಾಗಿ ಒಂದು ಮಾದರಿಯಲ್ಲ, ಕೆಳಗಿಂದ ಮೇಲಕ್ಕೆ ಇಡೀ ಸಾಲನ್ನು ತನ್ನಿ.

ನಮ್ಮವರಿಗೆ ಹತ್ತಿರದ ಪಾಠಶಾಲೆ ಅಂಡಮಾನ್. ದಕ್ಷಿಣ ಅಂಡಮಾನ್, ರಟ್‌ಲ್ಯಾಂಡ್ ದ್ವೀಪಗಳಲ್ಲಿ ಸುಮಾರು 9.5 ಕೋಟಿ ವರ್ಷದ ಓಫಿಯೊಲೈಟ್ ಇದೆ. ಅದರ ಪೂರ್ವಕ್ಕೆ ಬ್ಯಾರೆನ್ ದ್ವೀಪ, 1991ರಿಂದ ಮತ್ತೆ ಉಗುಳುತ್ತಿರುವ ಕಮಾನಿನ ಜ್ವಾಲಾಮುಖಿ. ಇನ್ನೂ ಆಚೆ ಅಂಡಮಾನ್ ಸಮುದ್ರದ ತಳ, ಸುಮಾರು 40 ಲಕ್ಷ ವರ್ಷದಿಂದ ತೆರೆದುಕೊಳ್ಳುತ್ತಿರುವ ಹೊಸ ಬ್ಯಾಕ್‌ಆರ್ಕ್ ಕವಚ. ಮೂರರ ಪ್ರಕಟಿತ ಅಂಕಿಗಳನ್ನೂ ಒಂದೇ ಚಿತ್ರದಲ್ಲಿ ಇಟ್ಟು ನೋಡಿ. ಒಂದು ಸಂಜೆಯ ಕೆಲಸ, ಯಾವ ಉಪನ್ಯಾಸವೂ ಇಷ್ಟು ಕಲಿಸುವುದಿಲ್ಲ.

ಹೆಜ್ಜೆ 11: ಬರೆಯುವುದು

ನಮ್ಮ ಅಭ್ಯಾಸದ ಕಲ್ಲಿಗೆ ನಾನು ನೋಟ್‌ಬುಕ್‌ನಲ್ಲಿ ಹೀಗೆ ಬರೆಯುತ್ತೇನೆ: "ಟೈಟೇನಿಯಂ ವೆನೇಡಿಯಂ 16, ಥೋರಿಯಂ ಆರು ಪಟ್ಟು. ಸಬ್‌ಡಕ್ಷನ್ ಸರಕು ಸೇರಿದೆ. ದ್ವೀಪ ಕಮಾನಿನ ಥೋಲಿಯೈಟ್ (ಬಸಾಲ್ಟ್‌ನ ಒಂದು ಬಗೆ) ಥರ. ಬೋನಿನೈಟ್ ಅಲ್ಲ. ಥೋರಿಯಂ ಇಷ್ಟಿರುವುದರಿಂದ ಮೊದಲ ಗಳಿಗೆಯ ಫೋರ್‌ಆರ್ಕ್ ಬಸಾಲ್ಟ್ ಆಗಿರುವ ಸಾಧ್ಯತೆ ಕಡಿಮೆ. ಖಂಡದ ಕವಚ ಬೆರೆತಿಲ್ಲ ಎನ್ನಲು ನಿಯೋಡಿಮಿಯಂ ಬೇಕು. ಡೈಕ್‌ಗಳ ಒತ್ತು ಸಾಲಿನಿಂದ ಬಂದ ಮಾದರಿಯೇ ಎಂದು ಚಿತ್ರ ನೋಡಿ ಖಚಿತಪಡಿಸು. ಸ್ಪಿನೆಲ್ ಅಳತೆ ಬಾಕಿ. ಜಿರ್ಕಾನ್ ವಯಸ್ಸು ಬರುವ ತನಕ ಯಾವ ಸಬ್‌ಡಕ್ಷನ್ ಎಂದು ಹೆಸರಿಸಬೇಡ."